ಅತ್ತೆಯ ಎದುರು ಕೂತು ಕಲಿತ ಕಸೂತಿ

ಕಳೆದ ವಾರ ಕೊಪ್ಪಳದ ಪೇಟೆಗೆ ಹೋದಾಗ ದಾರದ ಅಂಗಡಿಯೊಂದರ ಮುಂದೆ ನಿಂತೆ. ದಾರದ ಲಡಿಗಳನ್ನು ತುಂಬಿಟ್ಟ ಡಬ್ಬಿಯ ಮುಚ್ಚಳ ತೆಗೆದರೆ ಒಂದು ವಾಸನೆ ಬರುತ್ತದೆ. ಬಣ್ಣದ್ದೂ ಅಲ್ಲ, ಗಂಜಿಯದೂ ಅಲ್ಲ, ಎರಡರ ನಡುವಿನದು. ನಾನು ಕೆಂಪು, ಹಸಿರು, ಹಳದಿ ಅಂತ ಒಂದೊಂದೇ ಲಡಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಅಂಗಡಿಯವರು ಸಮಾಧಾನದಿಂದ ಕಾದು, "ಅಕ್ಕಾರಿಗೇನ್ರಿ?" ಎಂದು ಕೇಳಿದರು. "ಹೂನ್ರಿ, ಮನ್ಯಾಗ ಹೇಳ್ಯಾರ" ಎಂದೆ. ಸುಳ್ಳು. ನನ್ನ ಹೆಂಡತಿ ಗಿರಿಜಾ ಹರಿದ ಗುಂಡಿ ಹಚ್ಚುವುದಕ್ಕೂ ಸೂಜಿ ಮುಟ್ಟುವವಳಲ್ಲ. ಮನೆಯಲ್ಲಿ ಕಸೂತಿ ಹಾಕುವವನು ನಾನು. ಐವತ್ತಾರು ವರ್ಷದ, ಮೀಸೆ ಬಿಟ್ಟ ಲೈನ್‌ಮನ್.

ಹನ್ನೆರಡು ವರ್ಷದಿಂದ ಹಾಕುತ್ತಿದ್ದೇನೆ. ಆದರೂ ಅಂಗಡಿಯಲ್ಲಿ ಖರೇ ಮಾತು ಬಾಯಿಗೆ ಬರುವುದಿಲ್ಲ. ನಿಮ್ಮ ಮುಂದೆ ಹೇಳಲು ಅಷ್ಟು ನಾಚಿಕೆಯಿಲ್ಲ, ಯಾಕೆಂದರೆ ನೀವು ನನ್ನ ಮುಖ ನೋಡುತ್ತಿಲ್ಲ.

ಆಗ ನಾವು ಯಲಬುರ್ಗಾದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಇಪ್ಪತ್ತು ವರ್ಷ ಕಂಬ ಹತ್ತಿ ಇಳಿದವನು ಒಂದು ಸಲವೂ ಜಾರಿರಲಿಲ್ಲ. ಜಾರಿದ್ದು ಅಡುಗೆಮನೆಯ ಏಣಿಯಿಂದ. ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಗೆ ಕೈಚಾಚಿದೆ, ಏಣಿ ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ. ಭರಣಿಗೆ ಏನೂ ಆಗಲಿಲ್ಲ. ನನ್ನ ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು.

ಪ್ಲಾಸ್ಟರ್ ಬಿಚ್ಚಿದಾಗ ಮೂಳೆ ಕೂಡಿತ್ತು, ಆದರೆ ಬೆರಳು ಮಡಚುತ್ತಿರಲಿಲ್ಲ. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನಕ್ಕೆ ಇನ್ನೂರು ಸಲ ಹಿಚುಕಬೇಕು, ಇಲ್ಲವಾದರೆ ಕೈ ಹೀಗೇ ಉಳಿಯುತ್ತದೆ ಎಂದರು. ಹಿಡಿತವಿಲ್ಲದ ಕೈ ಇಟ್ಟುಕೊಂಡು ಕಂಬ ಹತ್ತಲು ಬರುವುದಿಲ್ಲ. ಆಫೀಸಿನಲ್ಲಿ ಕೂತು ಫೈಲು ನೋಡುವ ಕೆಲಸಕ್ಕೆ ಹಾಕುತ್ತಾರೆ. ನನಗೆ ಅದರಷ್ಟು ಭಯ ಬೇರೆ ಯಾವುದರದೂ ಇರಲಿಲ್ಲ. ಆದರೂ ಚೆಂಡು ಹಿಚುಕುವುದು ಎಂಥ ಬೇಸರದ ಕೆಲಸವೆಂದರೆ, ಎಂಬತ್ತು ದಾಟುವಷ್ಟರಲ್ಲಿ ಅದನ್ನು ಗೋಡೆಗೆ ಎಸೆಯುತ್ತಿದ್ದೆ.

ಗಿರಿಜಾ ಅಂಗನವಾಡಿ ಶಿಕ್ಷಕಿ, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಒಂದು ಕೈಯಲ್ಲಿ ನನಗೆ ಅಂಗಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಹೀಗಾಗಿ ಇಟಗಿಯಿಂದ ಅವಳ ತಾಯಿ ಸಾವಂತ್ರೆವ್ವ ಬಂದರು.

ನಮ್ಮ ಕಡೆ ಅತ್ತೆ ಅಳಿಯನ ಸಂಬಂಧ ನಿಮಗೆ ಗೊತ್ತಿದ್ದರೆ ಸರಿ, ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಮದುವೆಯಾಗಿ ಹದಿನೈದು ವರ್ಷವಾಗಿತ್ತು, ಅಷ್ಟು ವರ್ಷದಲ್ಲಿ ನಾನು ಅವರ ಮುಖವನ್ನು ನೆಟ್ಟಗೆ ನೋಡಿರಲಿಲ್ಲ. ನಾನು ಪಡಸಾಲೆಗೆ ಬಂದರೆ ಅವರು ಸೆರಗು ಹಣೆಯ ಮೇಲೆ ಎಳೆದುಕೊಂಡು ಬಾಗಿಲ ಹಿಂದೆ ಸರಿಯುತ್ತಿದ್ದರು. ಮಾತು ಬೇಕಾದರೆ ಮಗಳ ಮೂಲಕ. ಈಗ ಹಗಲೆಲ್ಲ ಮಗಳಿಲ್ಲ. ಅವರು ಗೋಡೆಗೆ ಹೇಳತೊಡಗಿದರು. "ಚಾ ಆಗೇತಿ" ಎಂದು ಗೋಡೆಗೆ. "ನೀರು ಕಾದಾವು" ಎಂದು ಬಾಗಿಲಿಗೆ. ನಾನೂ ಛಾವಣಿಯ ಕಡೆ ನೋಡಿ "ಆತ್ರಿ" ಎನ್ನುತ್ತಿದ್ದೆ.

ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅವರು ಅಡುಗೆಮನೆಯ ಹೊಸ್ತಿಲ ಹತ್ತಿರ, ನನಗೆ ಅರ್ಧ ಬೆನ್ನು ಮಾಡಿ ಕೂತು, ಮಡಿಲಲ್ಲಿ ಏನೋ ಹಿಡಿದು ಕೈ ಆಡಿಸುತ್ತಿದ್ದರು. ನಾಲ್ಕು ದಿನ ಸುಮ್ಮನಿದ್ದೆ. ಐದನೇ ದಿನ ಛಾವಣಿಗೆ ಕೇಳಿದೆ, "ಅದೇನ್ರಿ ಅತ್ತಿ?"

"ಏನಿಲ್ರಿ. ಕಸೂತಿ. ಹೊತ್ತು ಹೋಗ್ಲೆಂತ."

ಅವರು ಹುಡುಗಿಯಾಗಿದ್ದಾಗ ಕುಕನೂರಿನ ಒಬ್ಬ ಮಾಸ್ತರರ ಮನೆಯಲ್ಲಿ ಕಸ ಮುಸುರೆಗೆ ಇದ್ದರಂತೆ. ಆ ಮಾಸ್ತರರ ಹೆಂಡತಿ ಕಲಿಸಿದ್ದು. ಮದುವೆಯಾಗಿ ಇಟಗಿಗೆ ಬಂದ ಮೇಲೆ ಹೊಲದ ಕೂಲಿ, ಆರು ಮಕ್ಕಳು. ಅಷ್ಟರ ನಡುವೆಯೂ ಬಿಟ್ಟಿರಲಿಲ್ಲ. ಇದನ್ನೆಲ್ಲ ಅವರು ನನಗೆ ಒಂದೇ ದಿನ ಹೇಳಿದ್ದಲ್ಲ. ದಿನಕ್ಕೆ ಒಂದೆರಡು ವಾಕ್ಯದಂತೆ ಗೋಡೆಯ ಮೂಲಕ ಬಂದದ್ದು. ಯಾರಿಗಾಗಿ ಹಾಕುತ್ತೀರಿ ಎಂದು ಒಮ್ಮೆ ಕೇಳಿದೆ. "ಯಾರಿಗೂ ಬೇಕಾಗಿಲ್ರಿ ಇದು. ನನಗ ಬೇಕಾಗೇತಿ" ಎಂದರು.

ಒಂದು ಮಧ್ಯಾಹ್ನ ಅವರು ನೀರು ತರಲು ಹೋಗಿದ್ದಾಗ ಬಟ್ಟೆಯನ್ನು ಎತ್ತಿಕೊಂಡು ನೋಡಿದೆ. ಸೂಜಿ ಜಾರಿ ನೆಲಕ್ಕೆ ಬಿತ್ತು. ಎತ್ತಲು ಹೋದೆ. ಬೆರಳುಗಳು ಮರದ ತುಂಡುಗಳಂತೆ ನೆಲ ಒರೆಸಿದವೇ ಹೊರತು ಸೂಜಿ ಸಿಗಲಿಲ್ಲ. ಎಡಗೈಯಿಂದ ಎತ್ತಬಹುದಿತ್ತು. ಆದರೆ ಹಟ ಬಂತು. ಬೆವರಿಳಿಯುವ ತನಕ ಮೊಣಕಾಲೂರಿ ಕೂತಿದ್ದೆ. ತಲೆಯೆತ್ತಿದರೆ ಅತ್ತೆ ಕೊಡ ಹೊತ್ತು ಬಾಗಿಲಲ್ಲಿ ನಿಂತಿದ್ದಾರೆ.

ಅವರು ನೆಲದ ಸೂಜಿಯನ್ನು ಎತ್ತಿಕೊಡಲಿಲ್ಲ. ಒಳಗೆ ಹೋಗಿ, ಎಳೆ ಎಣಿಸಲು ಬರುವಂಥ ಒರಟು ಬಿಳಿ ಬಟ್ಟೆಯ ತುಂಡೊಂದನ್ನು ತಂದು, ದಪ್ಪನೆಯ ಸೂಜಿಗೆ ಕೆಂಪು ದಾರ ಪೋಣಿಸಿ, ಅದನ್ನು ಬಟ್ಟೆಯಲ್ಲಿ ನೆಟ್ಟಗೆ ಚುಚ್ಚಿ ನನ್ನ ಮುಂದಿನ ಸ್ಟೂಲಿನ ಮೇಲಿಟ್ಟರು. ಆಮೇಲೆ ತಮ್ಮ ಜಾಗಕ್ಕೆ ಹೋಗಿ ಕೂತು ಗೋಡೆಗೆ ಹೇಳಿದರು, "ನಾಕು ಎಳಿ ಮ್ಯಾಲ, ನಾಕು ಎಳಿ ಕೆಳಗ. ಅಷ್ಟ ಐತಿ."

ಮೊದಲ ದಿನ ಆರು ಹೊಲಿಗೆ ಹಾಕಿದೆ. ಒಂದು ತಾಸು ಬೇಕಾಯಿತು. ಕೈ ತೋರಿಸಿ ಕಲಿಸುವಂತಿಲ್ಲ, ಪಕ್ಕದಲ್ಲಿ ಕೂರುವಂತಿಲ್ಲ. ಅವರು ತಮ್ಮ ಬಟ್ಟೆಯ ಮೇಲೆ ಹಾಕಿ ಸ್ಟೂಲಿನ ಮೇಲಿಡುವುದು, ನಾನು ನೋಡಿ ಹಾಗೇ ಹಾಕಿ ಅಲ್ಲೇ ಇಡುವುದು. ಎರಡು ಆಫೀಸುಗಳ ನಡುವೆ ಫೈಲು ಓಡಾಡಿದಂತೆ.

ಕಸೂತಿಯಲ್ಲಿ ಗವಂತಿ ಎಂಬುದೊಂದು ಹೊಲಿಗೆ ಇದೆ. ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತ ಹೋಗುತ್ತೀರಿ. ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ದಾರಿಯಲ್ಲಿ ವಾಪಸು ಬರುತ್ತೀರಿ. ಎಲ್ಲೂ ಗಂಟು ಹಾಕುವಂತಿಲ್ಲ. ಬಟ್ಟೆ ತಿರುಗಿಸಿ ನೋಡಿದರೆ ಹಿಂದೆಯೂ ಮುಂದಿನಂತೆಯೇ ಇರಬೇಕು. ಬರೆದುಕೊಂಡ ನಕ್ಷೆಯಿಲ್ಲ, ಲೆಕ್ಕವೇ ನಕ್ಷೆ. ನಾಲ್ಕು ಎಣಿಸುವಾಗ ಬೇರೇನನ್ನೂ ಯೋಚಿಸಲು ಆಗುವುದಿಲ್ಲ. ಕೈ ವಾಸಿಯಾಗುತ್ತದೋ ಇಲ್ಲವೋ, ಸೆಕ್ಷನ್ ಆಫೀಸಿನಲ್ಲಿ ಏನು ಮಾತಾಡುತ್ತಿದ್ದಾರೋ, ಯಾವುದೂ ಇಲ್ಲ. ಒಂದು, ಎರಡು, ಮೂರು, ನಾಲ್ಕು. ತಲೆಯೆತ್ತಿದರೆ ಬಿಸಿಲು ಕಿಟಕಿಯಿಂದ ಗೋಡೆಗೆ ಹೋಗಿರುತ್ತಿತ್ತು. ಇಂಥ ಸುಖ ಎಲ್ಲಿ ಸಿಗುತ್ತದೆ ಹೇಳಿ. ಚೆಂಡು ಮಂಚದ ಕೆಳಗೆ ಸೇರಿತು.

ನಾನು ಹಿಡಿದದ್ದು ಗೋಪುರದ ಚಿತ್ರ. ಬುಡದಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ, ಕಳಸ ಮುಟ್ಟಿ, ಇನ್ನೊಂದು ಬದಿಯಿಂದ ಇಳಿಯುವುದು. ಕಂಬ ಹತ್ತುವವನಿಗೆ ಒಪ್ಪುವ ಚಿತ್ರ ಅಂದುಕೊಂಡಿದ್ದೆ. ಇಪ್ಪತ್ತೆರಡನೇ ದಿನ ಇಳಿದು ಬಂದು ಬುಡಕ್ಕೆ ಕೂಡಿಸಲು ಹೋದರೆ, ಕೂಡಲಿಲ್ಲ. ಒಂದೇ ಒಂದು ಎಳೆಯಷ್ಟು ಸಂದು. ಎಳೆದೆ, ಜಗ್ಗಿದೆ. ಇಲ್ಲ.

"ಇದ್ಯಾಕ್ರಿ ಕೂಡವಲ್ದು?" ಎಂದು ಕೇಳಿ ಬಟ್ಟೆಯನ್ನು ಸ್ಟೂಲಿನ ಮೇಲಿಟ್ಟೆ.

ಅವರು ಬಟ್ಟೆಯನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ. "ಬುಡದಾಗ ಒಂದ್ಕಡೆ ಐದು ಎಳಿ ತುಗೊಂಡೀರಿ."

"ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ."

"ಯಾವಾಗಿಂದ?"

"ಎರಡನೇ ದಿನದಿಂದ."

"ಮತ್ತ ಹೇಳಬೇಕಿಲ್ಲೇನ್ರಿ? ಇಪ್ಪತ್ತು ದಿನ ಹಾಳಾತಲ್ಲ!"

"ಅಳಿಯಾರಿಗೆ ತಪ್ಪಾಗೇತಿ ಅಂತ ಹ್ಯಾಂಗ ಹೇಳೂದ್ರಿ?"

ನನಗೆ ನಗುವೂ ಬಂತು, ಸಿಟ್ಟೂ ಬಂತು. ದೊಡ್ಡ ಮನಸ್ಸಿನವನಂತೆ ಹೇಳಿದೆ, "ಇನ್ನ ಮ್ಯಾಲೆ ತಪ್ಪು ಕಂಡ್ರ ಅಲ್ಲೇ ಹೇಳಿಬಿಡ್ರಿ. ನಾ ಏನೂ ತಿಳ್ಕೊಳ್ಳೂದಿಲ್ಲ."

"ಖರೇ ಹೇಳ್ಲೇನ್ರಿ?"

"ಖರೇನ ಹೇಳ್ರಿ."

ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟರು. ಸೆರಗು ಹಿಂದಕ್ಕೆ ಸರಿಸಿ, ಕೂತಲ್ಲೇ ಪೂರ್ತಿ ನನ್ನ ಕಡೆ ತಿರುಗಿದರು. ಹದಿನೈದು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿದರು.

"ಹಂಗಾರ ಒಂದ್ ಮಾತು ಹೇಳ್ತೀನ್ರಿ. ಬಟ್ಟೀದಲ್ಲ. ನನ್ನ ಮಗಳ ಮ್ಯಾಲೆ ನೀವು ಧ್ವನಿ ಏರಸ್ತೀರಿ. ಹದಿನೈದು ವರ್ಷ ಆತು ಕೇಳಾಕತ್ತೀನಿ. ನೀವು ಹೊಡದಿಲ್ಲ, ಬಡದಿಲ್ಲ, ಛಲೋರದೀರಿ, ಇಲ್ಲನ್ನೂದಿಲ್ಲ. ಆದ್ರ ನೀವು ಮನ್ಯಾಗಿದ್ರ ಆಕಿ ತಾಟು ಸಪ್ಪಳಾಗದಂಗ ಇಡ್ತಾಳ. ಅದು ನನಗ ನೋಡಾಕ ಆಗವಲ್ದ್ರಿ."

ನನ್ನ ಧ್ವನಿ ದೊಡ್ಡದು, ಒಪ್ಪುತ್ತೇನೆ. ಕಂಬದ ಮೇಲಿನಿಂದ ಕೆಳಗಿದ್ದವರಿಗೆ ಕೂಗಿ ಕೂಗಿ ಆದ ಅಭ್ಯಾಸ ಎಂದು ನಾನೇ ಹೇಳಿಕೊಳ್ಳುತ್ತಿದ್ದೆ. ಚಹಾ ತಣ್ಣಗಿದ್ದರೆ ಕೂಗು, ಚಪ್ಪಲಿ ಸಿಗದಿದ್ದರೆ ಕೂಗು. ಅದು ಕೂಗು ಎಂದು ನನಗೆ ಅನ್ನಿಸಿಯೇ ಇರಲಿಲ್ಲ. ಆ ಕ್ಷಣದಲ್ಲೂ ಕೂಗು ಗಂಟಲ ತನಕ ಬಂದಿತ್ತು. ಯಾರ ಮನೆಯಲ್ಲಿ ಕೂತು ಯಾರಿಗೆ ಹೇಳುತ್ತೀರಿ ಅಂತ. ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ಹೋಗಿ ಕುಷ್ಟಗಿ ಬಸ್ಸು, ಗಂಗಾವತಿ ಬಸ್ಸು ಬಂದು ಹೋಗುವುದನ್ನು ನೋಡುತ್ತ ಸಂಜೆಯವರೆಗೆ ಕೂತೆ.

ಎರಡು ದಿನ ಮಾತಿಲ್ಲ, ಸೂಜಿಯಿಲ್ಲ. ಎರಡನೇ ಸಂಜೆ ಅತ್ತೆ ಗೋಡೆಗೆ ಹೇಳಿದರು, "ನಾಳಿ ಊರಿಗೆ ಹೊಕ್ಕೀನ್ರಿ." ಅವರ ಕೈಚೀಲ ಬಾಗಿಲ ಹತ್ತಿರ ತಯಾರಿತ್ತು. ಗಿರಿಜಾ, "ಯಾಕಬೇ ಇಷ್ಟ ಲಗೂ?" ಎಂದು ಕೇಳುತ್ತಿದ್ದಳು. ಅವರು ಶೇಂಗಾದ ಹೊಲ, ಕಳೆ, ಏನೇನೋ ನೆಪ ಹೇಳಿದರು.

ಆ ಸಂಜೆ ಊಟಕ್ಕೆ ಕೂತಾಗ ನಾನು ಬರೀ ಕಿವಿಯಾಗಿದ್ದೆ. ಟ್ರಾನ್ಸ್‌ಫಾರ್ಮರಿನ ಗುಂಯ್‌ ಸದ್ದಿನಲ್ಲಿ ಎಲ್ಲಿ ದೋಷವಿದೆ ಎಂದು ಕೇಳಿ ಹೇಳುವವನು ನಾನು. ಗಿರಿಜಾ ತಾಟು ತಂದಳು. ನೆಲಕ್ಕಿಡುವ ಮೊದಲು ಅವಳ ಎರಡು ಬೆರಳು ತಾಟಿನ ಅಡಿಗೆ ಹೋದವು. ತಾಟು ಬೆರಳ ಮೇಲೆ ಕೂತಿತು, ಆಮೇಲೆ ಬೆರಳು ಮೆಲ್ಲಗೆ ಸರಿದವು. ಸದ್ದಿಲ್ಲ. ನೀರಿನ ಚಂಬು, ಸದ್ದಿಲ್ಲ. ಸಾರಿನ ಪಾತ್ರೆ, ಸದ್ದಿಲ್ಲ. ನಾನು ರೊಟ್ಟಿ ಮುರಿದು ಹಾಗೇ ಕೂತಿದ್ದೆ. "ಯಾಕ್ರೀ, ಉಪ್ಪು ಕಡಿಮ್ಯಾಗೇತೇನು?" ಎಂದು ಅವಳು ಗಾಬರಿಯಿಂದ ಕೇಳಿದಳು.

ಮರುದಿನ ಬೆಳಿಗ್ಗೆ ಅವಳು ಕೆಲಸಕ್ಕೆ ಹೋದ ಮೇಲೆ ಗೋಪುರದ ಬಟ್ಟೆ ತೆಗೆದುಕೊಂಡು ಬಿಚ್ಚಲು ಕೂತೆ. ಬಿಚ್ಚುವುದು ಹಾಕುವುದಕ್ಕಿಂತ ಕಷ್ಟ. ಸೂಜಿಯ ಹಿಂಬದಿಯಿಂದ ಒಂದೊಂದೇ ಹೊಲಿಗೆ ಎತ್ತಬೇಕು, ಬಟ್ಟೆಯ ಎಳೆ ಹರಿಯಬಾರದು. ಅತ್ತೆ ಕೈಚೀಲ ಹಿಡಿದು ಹೊರಬಂದವರು ನಿಂತು ನೋಡಿದರು.

"ಬಸ್ಸಿಗೆ ಹೊತ್ತಾತೇನ್ರಿ ಅತ್ತಿ?" ಎಂದೆ.

"ಅದು ಬಿಚ್ಚೂತನಕ ಇರ್ತೀನ್ರಿ" ಎಂದು ಕೈಚೀಲ ಇಳಿಸಿದರು.

ಬಿಚ್ಚಲು ನಾಲ್ಕು ದಿನ ಹಿಡಿಯಿತು. ಆಮೇಲೂ ಅವರು ಎರಡು ತಿಂಗಳಿದ್ದರು. ತಪ್ಪಿದ್ದಲ್ಲಿ ಅಲ್ಲೇ "ಊಹೂಂ, ತಪ್ಪಾತ್ರಿ" ಎನ್ನುತ್ತಿದ್ದರು, ಸ್ವಲ್ಪ ಹೆಚ್ಚೇ ಖುಷಿಯಿಂದ. ಗೋಪುರ ಕೂಡಿತು. ಕೈ ಮುಷ್ಟಿ ಕಟ್ಟಿತು. ಡಾಕ್ಟರು ನೋಡಿ, "ಚೆಂಡು ಛಲೋ ಕೆಲಸ ಮಾಡೇತಿ ನೋಡ್ರಿ" ಎಂದರು. ನಾನು ಹೌದೆಂದೆ. ಕಂಬ ಹತ್ತಿದೆ.

ಕೂಗು ಒಂದೇ ದಿನಕ್ಕೆ ನಿಂತಿತೆಂದು ಹೇಳಿದರೆ ನೀವು ನಂಬಬಾರದು. ಎಷ್ಟೋ ಸಲ ಬಂತು, ಎಷ್ಟೋ ಸಲ ನುಂಗಿದೆ, ಕೆಲವು ಸಲ ನುಂಗಲಾಗದೆ ಆಮೇಲೆ ನಾಚಿದೆ. ವರ್ಷಗಳಾದವು. ಗಂಗಾವತಿಗೆ ವರ್ಗವಾಯಿತು, ಆಮೇಲೆ ಕುಷ್ಟಗಿಗೆ. ಜೊತೆಗಾರರಿಗೆ ನನ್ನ ಹವ್ಯಾಸ ಗೊತ್ತಾಗಿ, "ಸಾಹೇಬ್ರ, ನಮ್ಮಾಕಿ ಕುಬುಸಕ್ಕೂ ಒಂದ್ ನವಿಲು ಕುಂದ್ರಸ್ರಿ" ಎಂದು ಆಡಿಕೊಂಡರು. ಅವರಲ್ಲಿ ಒಬ್ಬನಿಗೆ ಖರೇನೇ ಕೂರಿಸಿಕೊಟ್ಟೆ. ಅತ್ತೆ ಎರಡು ವರ್ಷದ ಹಿಂದೆ, ಇಟಗಿಯಲ್ಲಿ, ಮಕ್ಕಳು ಮೊಮ್ಮಕ್ಕಳ ನಡುವೆ ತೀರಿಕೊಂಡರು.

ಇಷ್ಟೆಲ್ಲ ಯಾಕೆ ನೆನಪಾಯಿತೆಂದರೆ, ದಾರ ತಂದ ಮರುದಿನ ನಾನು ಒಳಗೆ ಕೂತಿದ್ದೆ, ಗಿರಿಜಾ ಕಟ್ಟೆಯ ಮೇಲೆ ಪಕ್ಕದ ಮನೆಯಾಕೆಯ ಜೊತೆ ಮಾತಾಡುತ್ತಿದ್ದಳು. "ನಮ್ಮನಿಯವ್ರಿಗೂ ಮೊದಲ ಭಾಳ ಸಿಟ್ಟಿತ್ರಿ. ಈ ಸೂಜಿ ಹಿಡದ ಮ್ಯಾಲೆ ಇಳದು ಹೋತು ನೋಡ್ರಿ. ಎಳಿ ಎಣಿಸಿದ್ರ ಸಿಟ್ಟು ಹೊಕ್ಕೇತಿ" ಎಂದಳು.

ಅತ್ತೆ ಎಲ್ಲವನ್ನೂ ಮಗಳಿಗೆ ಹೇಳಿರುತ್ತಾರೆ, ಗಿರಿಜಾ ನನ್ನ ಮಾನ ಕಾಯಲು ಸುಮ್ಮನಿದ್ದಾಳೆ ಎಂದು ನಾನು ಹನ್ನೆರಡು ವರ್ಷ ತಿಳಿದಿದ್ದೆ. ಪಕ್ಕದ ಮನೆಯಾಕೆ ಹೋದ ಮೇಲೆ ಕೇಳಿದೆ. "ನಿಮ್ಮವ್ವ ನಿನ್ನ ಮುಂದ ಹೇಳಿಲ್ಲೇನು?"

"ಏನು?"

ಹೇಳಿದೆ. ಗೋಪುರದಿಂದ ತಾಟಿನವರೆಗೆ ಎಲ್ಲ ಹೇಳಿದೆ. ಅವಳು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು, ಕೈ ನಿಂತಿತು.

"ಅವ್ವ ನಿಮಗ ಎದುರು ಮಾತಾಡಿದ್ಳಾ?"

"ಹೂಂ."

"ನಿಮ್ಮ ಮಾರಿ ನೋಡಿ?"

"ಮಾರಿ ನೋಡಿ."

ಅವಳು ಕಣ್ಣು ಒರೆಸಿಕೊಂಡಳು. ಆಮೇಲೆ, "ಮತ್ತೇನೇನ್ ಹೇಳ್ಯಾಳ ನಿಮ್ಮ ಮುಂದ? ಹೇಳ್ರಿ" ಎಂದಳು.

ಆ ಮಧ್ಯಾಹ್ನಗಳಲ್ಲಿ ಗೋಡೆಯ ಮೂಲಕ ನನಗೆ ಬಂದದ್ದು ಬಹಳವಿತ್ತು. ಮಗಳಿಗೆ ಗೊತ್ತಿಲ್ಲದ ತಾಯಿ ನನ್ನ ಹತ್ತಿರ ಉಳಿದಿದ್ದರು. ಮಾಸ್ತರರ ಮನೆಯ ಹಿತ್ತಲಿನಿಂದ ಶುರು ಮಾಡಿದೆ. "ಆಗ ನಿಮ್ಮವ್ವಗ ಹನ್ನೆರಡು ವರ್ಷ..."

"ತಪ್ಪು!" ಗಿರಿಜಾ ಎಷ್ಟು ಗಟ್ಟಿಯಾಗಿ ಅಂದಳೆಂದರೆ ಕಟ್ಟೆಯ ಮೇಲಿನ ಗುಬ್ಬಿ ಹಾರಿದವು. "ಹನ್ನೆರಡಲ್ಲ. ಹತ್ತು ಸುದ್ದಾ ತುಂಬಿದ್ದಿಲ್ಲ. ನೆಟ್ಟಗ ಹೇಳ್ರಿ."

ನಾನು ತಿದ್ದಿಕೊಂಡು ಮೊದಲಿನಿಂದ ಹೇಳತೊಡಗಿದೆ.