ನೊರೆ ಹಿಡಿಯುವ ಊರು

ಬಾಗಿಲ ಮುಂದೆ ಸಾರಿಸುವುದು, ಎಮ್ಮೆಯ ಸಗಣಿ ಬಳಿಯುವುದು, ಒಲೆಯ ಬೂದಿ ತೆಗೆಯುವುದು, ಅತ್ತೆಯನ್ನು ಕೈಹಿಡಿದು ಹಿತ್ತಲಿಗೆ ಒಯ್ದು ತಂದು ಮಲಗಿಸುವುದು, ರೊಟ್ಟಿ ಬಡಿಯುವುದು, ಕೊಡ ತೊಳೆದು ಕೆರೆಗೆ ಹೋಗುವುದು, ಬಂದು ಗಂಡ ಕಳಚಿ ಎಸೆದ ಬಟ್ಟೆ ಒಗೆಯುವುದು. ಮೈಲಾರವ್ವನ ಮನೆಯಲ್ಲಿ ಉಳಿದವರಿಗೆ ಬೆಳಗಾಗುವುದು ಇದೆಲ್ಲ ಆದ ಮೇಲೆ.

ನವಲಗುಂದ ಕಡೆಯ ಆ ಊರಲ್ಲಿ ಎಲ್ಲಿ ಬೋರು ಕೊರೆದರೂ ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಚಹಾಕ್ಕೆ ಹಾಕಿದ ಹಾಲು ಒಡೆಯುತ್ತದೆ, ಎಷ್ಟು ಸೋಪು ತಿಕ್ಕಿದರೂ ನೊರೆ ಏಳುವುದಿಲ್ಲ. ಸಿಹಿನೀರೆಂದರೆ ಕೆರೆ ಒಂದೇ. ಕಾಲುವೆಗೆ ನೀರು ಬಿಟ್ಟಾಗ ತುಂಬಿಕೊಂಡರೆ ಮುಂದಿನ ಸರದಿಯವರೆಗೆ ಅದೇ ಗತಿ. ಹಾಗಾಗಿ ಚಪ್ಪಲಿ ಗೇಟಿನ ಹೊರಗೆ ಬಿಡಬೇಕು, ನೀರಿಗೆ ಕಾಲಿಡಬಾರದು, ಒಯ್ದ ನೀರನ್ನು ಕುಡಿಯಲು, ಅಡಿಗೆಗೆ ಮಾತ್ರ ಬಳಸಬೇಕು. ಮೈಗೆ, ಬಟ್ಟೆಗೆ, ಪಾತ್ರೆಗೆ ಸವಳೇ. ನಿಯಮ ಮುರಿದವರನ್ನು ಹಿಡಿಯಲು ಹಿಂದಿನವರು ಕಂಡುಕೊಂಡ ಉಪಾಯ ಚರಂಡಿ ನೋಡುವುದು. ಯಾರ ಬಚ್ಚಲಿನಿಂದ ನೊರೆ ಹರಿದು ಬಂತೋ ಅವರು ಕೆರೆಗಳ್ಳರು.

ಈ ಬೇಸಿಗೆ ಸರದಿ ಇನ್ನೂ ದೂರವಿರುವಾಗಲೇ ಕೆರೆಯ ಕೆಳಗಿನ ಮೆಟ್ಟಿಲುಗಳು ಬಯಲಾದವು. ಕೆರೆ ಕಮಿಟಿಯ ಅಂದಾನೆಪ್ಪ ಬೆಳಗಾದರೆ ಕೋಲು ಹಿಡಿದು ಓಣಿ ಓಣಿಯ ಚರಂಡಿ ಕೆದಕತೊಡಗಿದ. ಹೆಂಗಸರು ಒಬ್ಬರ ಕೊಡ ಒಬ್ಬರು ಎಣಿಸತೊಡಗಿದರು. ನೆರೆಮನೆಯ ಸೀರೆ ಸ್ವಲ್ಪ ಬೆಳ್ಳಗೆ ಕಂಡರೂ ಸಂಶಯ. ಮೈಲಾರವ್ವನ ಗಂಡ ಕರಿಸಿದ್ದಪ್ಪನನ್ನು ರಾತ್ರಿ ಕಾವಲಿಗೆ ಇಟ್ಟರು. ನೀರು ಮಾತ್ರ ಇಳಿಯುತ್ತಲೇ ಹೋಯಿತು.

ಅಂದು ಮೈಲಾರವ್ವ ಕೊಡ ಹಿಡಿದು ಕೆರೆಯ ಗೇಟಿಗೆ ಬಂದಾಗ, ಬಸ್‌ಸ್ಟ್ಯಾಂಡಿನ ಬಳಿ ಚಹಾದಂಗಡಿ ಇಟ್ಟ ಫಾತಿಮಾಬಿಯನ್ನು ಪಾಳಿಯಲ್ಲಿದ್ದವಳೊಬ್ಬಳು ಕೆಣಕಿದಳು.

"ಏನ ಬೇ ಫಾತಿಮಾ, ನಿನ್ನ ಚಾದಾಗ ಅಷ್ಟ ಚಂದ ಹಾಲು ಹೆಂಗ ನಿಲ್ಲತೈತಿ?"

"ನಿನ್ನಂಥಾ ಮಾರಿ ನೋಡಿದ್ರ ಒಡೀತೈತಿ. ಅದಕ್ಕ ಮುಚ್ಚಿ ಇಟ್ಟಿರತೇನಿ!"

ಎಲ್ಲರೂ ನಕ್ಕರು. ಅಂದಾನೆಪ್ಪನ ಕೋಲಿನ ಸದ್ದು ಕೇಳಿ ನಗೆ ನಿಂತಿತು.

"ಫಾತಿಮಾಬಿ, ನಾಳೆ ಮುಂಜಾನೆ ಕಮಿಟಿ ಮುಂದ ಬಾ. ನಿನ್ನ ಕೊಡ ಇನ್ನ ಕೆರಿಗೆ ಬರೂದೋ ಬ್ಯಾಡೋ ನೋಡೂಣು."

"ನನ್ನ ಚರಂಡ್ಯಾಗ ನೊರಿ ಕಂಡೀರೇನ್ರಿ ಕಾಕಾ?"

"ನೊರಿ ಇಲ್ಲ. ಆದ್ರ ಅಂಗಡಿಗಂತ ಹೆಚ್ಚಿನ ಕೊಡ ಒಯ್ಯಾಕಿ ನೀನ. ಕೆರ್‍ಯಾಗ ನೀರೂ ಇಲ್ಲಲ್ಲ."

ದಾರಿಯಲ್ಲಿ ಫಾತಿಮಾಬಿ ಮೈಲಾರವ್ವನ ಜೊತೆಯಾದಳು. "ಕೊಡ ಬಂದ್ ಮಾಡಿದ್ರ ನನ್ನ ಅಂಗಡಿ ಬಂದ್, ಮೈಲಾರಿ. ರಾತ್ರಿಯೆಲ್ಲಾ ಗೇಟ್ ಕಾಯಾಂವ ನಿನ್ನ ಗಂಡ. ಅಂವಾ ಏನೂ ಕಂಡಿಲ್ಲೇನು?" ಅಂದಳು.

"ಕಂಡಿದ್ರ ಹೇಳತಿದ್ದಿಲ್ಲೇನು?" ಎಂದಳು ಮೈಲಾರವ್ವ. ಹೇಳಿದ ಮೇಲೆ ಆ ಮಾತು ಅವಳಿಗೇ ಟೊಳ್ಳು ಅನ್ನಿಸಿತು.

ಮನೆಗೆ ಬಂದರೆ ಹಿತ್ತಲಲ್ಲಿ ದೊಡ್ಡದೊಂದು ನೀಲಿ ಡ್ರಮ್ಮು, ಕಂಠಮಟ ನೀರು.

"ನೀನೂ ಹೊತ್ತು ಹೊತ್ತು ಸಾಯಾಕತ್ತಿ ಅಂತ ಟ್ಯಾಂಕರಿನಾಂವಗ ಹೇಳಿ ತುಂಬಿಸೇನಿ," ಎಂದ ಕರಿಸಿದ್ದಪ್ಪ ಹಾಸಿಗೆಯಿಂದಲೇ. "ಹೊಲದ ಬೋರಿನ ನೀರು."

ಇಷ್ಟು ವರ್ಷಗಳಲ್ಲಿ ತಾನು ಹೊರುವುದು ಅವನ ಕಣ್ಣಿಗೆ ಬಿದ್ದದ್ದು ಅದೇ ಮೊದಲು. ಮೈಲಾರವ್ವನಿಗೆ ಖುಷಿಯೇ ಆಯಿತು. ಬೋರಿನ ನೀರು ತಾನೇ ಎಂದು ಬಕೆಟ್ಟಿಗೆ ಸುರಿದು ಅವನ ಅಂಗಿ ಅದ್ದಿ ಸೋಪು ಹಚ್ಚಿದಳು.

ನೊರೆ ಎದ್ದಿತು. ಬೆರಳು ಮುಚ್ಚಿ, ಬಳೆ ಮುಚ್ಚಿ, ಮುಂಗೈತನಕ ಬಂತು. ರಾತ್ರಿ ಗೇಟು ಕಾಯ್ದವನ ಅಂಗಿಯಿಂದ ಟ್ಯಾಂಕರಿನ ಡೀಸೆಲ್ ವಾಸನೆ ಬಿಟ್ಟುಕೊಂಡಿತು.

ಕೆರೆಯ ನೀರೆಂದಿದ್ದರೆ ಅವಳು ಅಡಿಗೆಗೆ ಇಟ್ಟುಕೊಳ್ಳುತ್ತಿದ್ದಳು. ಬೋರಿನದು ಎಂದದ್ದಕ್ಕೇ ಬಟ್ಟೆಗೆ ಸುರಿದಿದ್ದಳು. ಸುಳ್ಳು ಹೇಳುವಾಗ ಆ ನೀರು ಮನೆಯಲ್ಲಿ ಎಲ್ಲಿ ಹೋಗುತ್ತದೆಂದು ಕರಿಸಿದ್ದಪ್ಪನಿಗೆ ಹೊಳೆದಿರಲಿಲ್ಲ. ಅವನು ಒಂದು ದಿನವೂ ತನ್ನ ಟವೆಲು ಒಗೆದವನಲ್ಲ.

ಓಣಿಯ ಕೊನೆಯಲ್ಲಿ ಕೋಲಿನ ಸದ್ದು. ಮೈಲಾರವ್ವ ಒಲೆಯ ಬೂದಿಯನ್ನೆಲ್ಲ ತಂದು ಬಚ್ಚಲಿಗೆ ಸುರಿದಳು. ಚರಂಡಿಗೆ ಕರಿನೀರು ಇಳಿಯಿತು.

"ಏನವಾ ಮೈಲಾರವ್ವಾ, ಇಷ್ಟ್ಯಾಕ ಬೂದಿ?"

"ಭಾಂಡೆ ತಿಕ್ಕಿದ್ನಿರಿ ಕಾಕಾ."

"ಹೋಗ್ಲಿ ಬಿಡು. ಕಾವಲುಗಾರನ ಮನ್ಯಾಗ ನೋಡೂದೇನೈತಿ," ಎಂದು ಅಂದಾನೆಪ್ಪ ಮುಂದೆ ನಡೆದ.

ಸಂಜೆ ಗಂಡನಿಗೆ ಊಟಕ್ಕೆ ಹಾಕುವಾಗ ಅವಳು ಕೇಳಿದಳು. "ಆ ಬೋರು ಯಾರ ಹೊಲದಾಗ ಐತಿ?"

ಅವನು ರೊಟ್ಟಿ ಮುರಿಯುತ್ತಿದ್ದವನು ತಲೆ ಎತ್ತಲಿಲ್ಲ. "ರಸ್ತಾದ ಬಾಜು ಕಲ್ಯಾಣಮಂಟಪ ಕಟ್ಟಾಕತ್ತಾರ. ಅವರ ಟ್ಯಾಂಕರಿಗೂ ನೀರು ಬೇಕಲ್ಲ? ನಿನ್ನ ಟೊಂಕಕ್ಕ ಆರಾಮಾತಿಲ್ಲೋ? ಬಾಯಿ ಮುಚ್ಚಕೊಂಡಿರು."

"ಫಾತಿಮಾಬಿ ಮ್ಯಾಲೆ ಹಾಕ್ಯಾರ."

"ಹಾಕ್ಲಿ. ಅಕಿ ಚಾ ಮತ್ತೊಂದು ಊರಾಗ ನಡಿಯಂಗಿಲ್ಲೇನು? ಪಲ್ಯಾ ನೀಡು."

ನೀಡಿದಳು.

ಮರುದಿನ ಸಾರಿಸಿ, ಸಗಣಿ ಬಳಿದು, ಅತ್ತೆಯನ್ನು ಮಲಗಿಸಿ ಹಿತ್ತಲಿಗೆ ಬಂದಾಗ ಇನ್ನೂ ನಸುಗತ್ತಲೆ. ಕಾವಲು ಮುಗಿಸಿ ಬಂದವನು ಒಳಗೆ ಗೊರಕೆ ಹೊಡೆಯುತ್ತಿದ್ದ. ಡ್ರಮ್ಮು ಮತ್ತೆ ತುಂಬಿತ್ತು. ಅದರ ಅಂಚಿಗೆ ಟೊಂಕ ಒರಗಿಸಿ ಅವಳು ನಿಂತಳು. ಇದು ದಿನಾ ಹೀಗೇ ತುಂಬುತ್ತಿರಬಹುದು. ಅವಳು ಕೊಡ ಹೊರದೆ ಇರಬಹುದು.

ಕಮಿಟಿಯ ಮುಂದೆ ಹೋಗಿ ಹೇಳಿದರೆ ಅವರು ಮೊದಲು ಕೇಳುವುದು ಅವಳ ಗಂಡನನ್ನು. ಇಲ್ಲ ಅನ್ನುತ್ತಾನೆ, ಮುಗಿಯಿತು. ನೊರೆ ಕಂಡರೆ ಮೊದಲು ಬೈಸಿಕೊಳ್ಳುವವಳು ತಾನೇ. ಆದರೆ ನೊರೆಯ ಬೆನ್ನು ಹತ್ತಿ ಹಿತ್ತಲಿಗೆ ಬಂದವರಿಗೆ ಡ್ರಮ್ಮು ಕಾಣುತ್ತದೆ. ಅಷ್ಟು ನೀರು ಯಾವ ಹೆಂಗಸಿನ ತಲೆಯ ಮೇಲೂ ಬರುವಂಥದ್ದಲ್ಲ.

ಮೈಲಾರವ್ವ ಡ್ರಮ್ಮಿನ ಮುಚ್ಚಳ ತೆಗೆದು ಗೋಡೆಗೆ ಒರಗಿಸಿದಳು. ಗಂಡನ ಅಂಗಿ, ಪಾಯಿಜಾಮ, ಟವೆಲು, ಮೇಲೆ ಎರಡು ಕೌದಿ ಎಳೆದು ತಂದು ಬಚ್ಚಲ ಕಲ್ಲಿನ ಮೇಲೆ ಹಾಕಿದಳು. ಹೊಸ ಸೋಪಿನ ಕಾಗದ ಹರಿದು ತಿಕ್ಕತೊಡಗಿದಳು. ನೊರೆ ಕಲ್ಲು ದಾಟಿ, ಬಚ್ಚಲ ತೂಬು ದಾಟಿ ಓಣಿಯ ಚರಂಡಿಗೆ ಬೆಳ್ಳಗೆ ಇಳಿಯಿತು. ದೂರದಲ್ಲಿ ಕೋಲು ಸದ್ದು ಮಾಡಿತು. ಒಲೆಯ ಬೂದಿ ಬುಟ್ಟಿಯಲ್ಲಿ ಹಾಗೇ ಇತ್ತು. ಅವಳು ಇನ್ನೊಂದು ತಂಬಿಗೆ ನೀರು ಸುರಿದಳು.