ಮೊಮ್ಮಗಳ ಹಲ್ಲಿನ ಕಲೆ

ಗಂಗಾವತಿಯ ಒಂದು ಹಲ್ಲಿನ ದವಾಖಾನೆಯಲ್ಲಿ ನನ್ನ ಆಯುಷ್ಯ ಕಳೆಯಿತು. ಸೇರಿದ್ದು ಉಪಕರಣ ಕುದಿಸಲಿಕ್ಕೆ, ಚೀಟಿ ಕೊಡಲಿಕ್ಕೆ. ಓದಿದ್ದು ಎಸ್ಸೆಸ್ಸೆಲ್ಸಿ. ನಮ್ಮ ಡಾಕ್ಟರಿಗೆ ಕೊಪ್ಪಳದಲ್ಲೂ ಒಂದು ದವಾಖಾನೆ ಇತ್ತು. ಅವರು ಅಲ್ಲಿಗೆ ಹೋದ ದಿನ ರೈಸ್‌ಮಿಲ್ಲಿನ ಹಮಾಲರು, ಮರಳಿ ಎಂಬ ಹಳ್ಳಿಯ ಕಡೆಯ ರೈತರು ಬಂದು ಕಾದು ಕೂರುತ್ತಿದ್ದರು. ತಂಬಾಕು, ಗುಟ್ಕಾ ತಿಂದು ಹಲ್ಲಿನ ಬುಡಕ್ಕೆ ಕಿಟ್ಟ ಕಟ್ಟಿರುತ್ತಿತ್ತು.

"ಸ್ವಚ್ಛ ಮಾಡೋದೇನ್ ದೊಡ್ಡ ಕೆಲಸ? ನಿನ್ನ ಕೈ ಹಗುರ ಐತಿ, ನೀನ ಮಾಡಿ ಕಳಸು" ಎಂದರು ಡಾಕ್ಟರು.

ಮಾಡಿದೆ. ಜನ ನನ್ನನ್ನೂ ಡಾಕ್ಟ್ರ ಎಂದರು. ಮೊದಲ ಸಲ ನಾನು ತಿದ್ದಲಿಲ್ಲ. ಆಮೇಲೆ ತಿದ್ದಲು ಬಾಯಿ ಬರಲಿಲ್ಲ. ಮಗಳನ್ನು ಕುಷ್ಟಗಿ ಕಡೆಯ ಹಳ್ಳಿಗೆ ಕೊಟ್ಟಾಗ, ಹಲ್ಲಿನ ಡಾಕ್ಟರ ಮಗಳನ್ನು ತಂದೆವು ಎಂದು ಬೀಗರು ಊರ ತುಂಬ ಹೇಳಿಕೊಂಡರು. ಮದುವೆಯ ಹಂದರದಲ್ಲಿ ನಾನು ಕೈ ಮುಗಿದು ನಗುತ್ತ ನಿಂತಿದ್ದೆ.

ಈಚೆಗೆ ದವಾಖಾನೆಗೆ ಒಬ್ಬ ಹುಡುಗಿ ಕೆಲಸಕ್ಕೆ ಬಂದಳು. ಇದೇ ಊರಿನ ಮುಸ್ಲಿಂ ಮನೆತನ, ತಂದೆ ಗಾದಿ ಹೊಲಿಯುವವರು. ಪಿಯುಸಿ ಸೈನ್ಸ್ ಆದ ಮೇಲೆ ಎರಡು ವರ್ಷ ಡೆಂಟಲ್ ಕಾಲೇಜಿನಲ್ಲಿ ಇದನ್ನೇ ಕಲಿತಿದ್ದಳು: ಹಲ್ಲು ಸ್ವಚ್ಛ ಮಾಡುವುದು, ವಸಡು ನೋಡುವುದು, ಹಲ್ಲು ಕಾಪಾಡಿಕೊಳ್ಳುವ ಬಗೆ ಹೇಳಿಕೊಡುವುದು. ಡೆಂಟಲ್ ಹೈಜೀನಿಸ್ಟ್ ಅನ್ನುತ್ತಾರೆ. ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದ ಪ್ರಮಾಣಪತ್ರವನ್ನು ತಂದು ಗೋಡೆಗೆ ಹಾಕಿದಳು. ಅದಿಲ್ಲದೆ ಈ ಕೆಲಸಕ್ಕೆ ಇನ್ನೊಬ್ಬರ ಬಾಯಲ್ಲಿ ಕೈ ಹಾಕುವಂತಿಲ್ಲ, ಅದಿದ್ದರೂ ಡಾಕ್ಟರ ಕಣ್ಣಳತೆಯಲ್ಲೇ ಮಾಡಬೇಕು ಎಂದು ನನಗೆ ಅವಳಿಂದ ತಿಳಿಯಿತು. ಇಲ್ಲ, ಇದೂ ಸುಳ್ಳು. ಅರ್ಧ ಮೊದಲೇ ಗೊತ್ತಿತ್ತು. ಉಳಿದರ್ಧವನ್ನು ಬೇಕೆಂದೇ ಯಾರನ್ನೂ ಕೇಳಿರಲಿಲ್ಲ.

ಒಂದು ದಿನ ಯಲಬುರ್ಗಾ ಕಡೆಯವನೊಬ್ಬ ಬಂದ. ಮುಂದಿನ ಹಲ್ಲಿಗೆಲ್ಲ ಕಂದು ಪಟ್ಟೆ. ನಾನು ರೂಢಿಯಂತೆ ಹಲ್ಲು ಕೆರೆಯುವ ಮಷೀನಿಗೆ ಕೈ ಹಾಕಿದೆ. ಅವಳು ತಡೆದಳು.

"ಕಾಕಾ, ಇದು ಕಿಟ್ಟ ಅಲ್ರಿ. ಬೋರಿನ ನೀರಿನ ಕಲಿ. ಸಣ್ಣವಿದ್ದಾಗ ಫ್ಲೋರೈಡ್ ನೀರು ಕುಡದು ಹಲ್ಲಿನೊಳಗ ಕೂತೈತಿ. ಕೆರದ್ರ ಹಲ್ಲು ಸವೀತೈತಿ, ಕಲಿ ಹೋಗಂಗಿಲ್ಲ."

"ಒಂಚೂರು ಜೋರ್ ಮಾಡಿದ್ರ?"

"ಗ್ವಾಡಿ ಸುಣ್ಣ ಅಲ್ರಿ ಕಾಕಾ ಇದು!" ಕುರ್ಚಿಯಲ್ಲಿದ್ದವನೂ ಬಾಯಿ ತೆರೆದುಕೊಂಡೇ ನಕ್ಕ.

ಎಷ್ಟು ಜನರ ಹಲ್ಲನ್ನು ನಾನು ಹಾಗೆ ಕೆರೆದು ಕಳಿಸಿದ್ದೆನೋ. ಆದರೆ ಅದೆಲ್ಲ ತಿಳಿಯದೆ ಮಾಡಿದ್ದು. ನಾನು ಇಲ್ಲಿ ಬರೆಯುತ್ತಿರುವುದು ತಿಳಿದ ಮೇಲೆ ಮಾಡಿದ್ದನ್ನು.

ಕೆಲವು ದಿನಗಳಲ್ಲಿ ಮಗಳು ಮೊಮ್ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವಳ ಹಲ್ಲಿಗೂ ಅದೇ ಕಲೆ. ಅವರೂರಲ್ಲಿ ಬಹಳ ಮಂದಿಗೆ ಇದೆ.

"ಅಪ್ಪಾ, ನಮ್ಮತ್ತಿ ದಿನಾ ಅಂತಾಳ, ಮನ್ಯಾಗ ಹಲ್ಲಿನ ಡಾಕ್ಟರ್ ಇಟ್ಕೊಂಡು ಹುಡುಗಿ ಬಾಯಿ ಹಿಂಗ್ಯಾಕ ಅಂತ. ಇವತ್ತ ತಿಕ್ಕಿ ಬೆಳ್ಳಗ ಮಾಡಿಬಿಡು."

ಕಲೆ ಹೋಗುವುದಿಲ್ಲ ಎಂದರೆ, ಯಾರು ಹೇಳಿದರು ಎನ್ನುತ್ತಾಳೆ ಮಗಳು. ದವಾಖಾನೆಯ ಹುಡುಗಿ ಎಂದರೆ, ಡಾಕ್ಟರಿಗಿಂತ ಅವಳಿಗೆ ಹೆಚ್ಚು ಗೊತ್ತೇ ಎನ್ನುತ್ತಾಳೆ. ಆಮೇಲೆ ನಾನು ಯಾರು ಎಂಬುದು ಮಗಳ ಗಂಡನ ಮನೆವರೆಗೂ ಹೋಗುತ್ತದೆ. ಅವತ್ತು ಭಾನುವಾರ, ದವಾಖಾನೆಗೆ ರಜೆ. ಬೀಗದ ಕೈ ನನ್ನ ಹತ್ತಿರ ಇತ್ತು.

ಮೊಮ್ಮಗಳು ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿಕೊಂಡಳು. ಮೇಲಿನ ಮುಂದಿನ ಹಲ್ಲುಗಳನ್ನು ಕೆರೆದೆ. ಕಲೆ ಅಲುಗಲಿಲ್ಲ.

"ಅಜ್ಜಾ, ಜುಮ್ಮ್ ಅಂತೈತಿ."

"ಹಂಗ ಆಗತೈತಿ, ಸುಮ್ಕಿರು."

ಇನ್ನೂ ಒತ್ತಿದೆ. ಒಂದು ಹಲ್ಲಿನ ತುದಿಯಿಂದ ನುಚ್ಚಿನಷ್ಟು ಚೂರು ಹಾರಿತು. ಆಗ ನಿಲ್ಲಿಸಿದೆ. ಕನ್ನಡಿ ಕೇಳಿದಳು, ನಾನು ಕೊಡಲಿಲ್ಲ. ಹಲ್ಲು ಮೊದಲೇ ಮೆತ್ತಗಿತ್ತು ಎಂದು ಮಗಳಿಗೆ ಹೇಳಿದೆ. ಮಗಳು ನಂಬಿದಳು.

ಗಂಡಿನ ಕಡೆಯವರು ಬಂದ ದಿನ ನಾನೂ ಕುಷ್ಟಗಿ ಕಡೆಯ ಆ ಮನೆಗೆ ಹೋಗಿದ್ದೆ. ಮೊಮ್ಮಗಳು ಮಂಡಕ್ಕಿಯ ಸೂಸ್ಲಾ, ಚಹಾ ತಂದಿಟ್ಟಳು. ಗಾಳಿ ತಾಗಿದರೂ ಹಲ್ಲು ಜುಮ್ಮೆನ್ನುತ್ತಿದ್ದುದರಿಂದ ತುಟಿ ಬಿಚ್ಚಲಿಲ್ಲ. "ಹುಡುಗಿ ಭಾಳ ಕಮ್ಮಿ ಮಾತಿನಾಕಿ, ಛಲೋ ಆತು" ಎಂದು ಅವರ ಹೆಣ್ಣುಮಕ್ಕಳು ಮೆಚ್ಚಿದರು. ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ. ಅಷ್ಟರಲ್ಲಿ ಹುಡುಗನ ತಂದೆ ನನ್ನ ಪಕ್ಕಕ್ಕೆ ಸರಿದು ದವಡೆ ತೋರಿಸಿದರು.

"ಡಾಕ್ಟ್ರ, ಹೆಂಗೂ ಬೀಗ್ರ ಆಗಾವ್ರು, ಇದೊಂದು ಹಲ್ಲು ನೋಡ್ರಿ. ಫೀಜು ತಗೋಬ್ಯಾಡ್ರಿ ಮತ್ತ!"

"ನಾ ಡಾಕ್ಟರ್ ಅಲ್ರಿ" ಎಂದೆ. ಅಷ್ಟು ವರ್ಷದಲ್ಲಿ ಮೊದಲ ಸಲ.

ಹುಡುಗನ ತಂದೆ ನನ್ನ ತೊಡೆ ತಟ್ಟಿ ನಕ್ಕರು. "ನೋಡ್ರಿ, ಎಷ್ಟ್ ಮಂದಿ ಹಲ್ಲು ಛಲೋ ಮಾಡ್ಯಾರ, ಒಂಚೂರು ಸೊಕ್ಕಿಲ್ಲ!"

"ಖರೇನ ಅಲ್ರಿ" ಎಂದೆ. ಇನ್ನೂ ನಕ್ಕರು. ಅಳಿಯನೂ ನಕ್ಕ. ಅವರು ನಂಬಬೇಕಾದರೆ ನಾನು ಒಂದೇ ಒಂದು ಗುರುತು ತೋರಿಸಬಹುದಿತ್ತು. ಅದು ಮೊಮ್ಮಗಳ ಬಾಯಲ್ಲಿತ್ತು. ಅವಳನ್ನು ಕರೆದು, ಬಾಯಿ ತೆರೆಯವ್ವಾ ಎಂದು ಆ ಜನರ ಮುಂದೆ ಹೇಳಬೇಕಿತ್ತು. ಕರೆಯಲಿಲ್ಲ. ಗಂಗಾವತಿಗೆ ಬರ್ರಿ ನೋಡೋಣು ಎಂದುಬಿಟ್ಟೆ.

ಅವರು ಹೋದ ಮೇಲೆ ಮೊಮ್ಮಗಳು ಅಡುಗೆಮನೆಯಲ್ಲಿ ಉಗುರುಬೆಚ್ಚಗಿನ ನೀರನ್ನು ಬಾಯಿಯ ಒಂದೇ ಕಡೆಯಿಂದ ಕುಡಿಯುತ್ತಿದ್ದಳು.

"ಅಜ್ಜಾ, ಅವರ ಮುಂದ ಯಾಕ ಹಂಗಂದಿ?"

"ಖರೇ ಅದವ್ವಾ."

"ಮತ್ತ ನನ್ನ ಹಲ್ಲು?"

"ಆ ಕಲಿ ಹೋಗಂಗಿಲ್ಲ ಅಂತ ನನಗ ಗೊತ್ತಿತ್ತು."

"ಗೊತ್ತಿದ್ದು ಕೆರದಿ?"

"ಹೂಂ."

ಅವಳು ಲೋಟ ಕೆಳಗಿಟ್ಟಳು. ಅಳಲಿಲ್ಲ. "ಅವ್ವಗ ಹೇಳಬ್ಯಾಡ. ಆಕಿ ತಾಳಂಗಿಲ್ಲ. ನನ್ನ ಬರೋಬ್ಬರಿ ಕಲತಾವ್ರ ಕಡೆ ಕರ್ಕೊಂಡು ಹೋಗು" ಎಂದಳು. ಹೇಳಿ ಹಗುರಾಗಬೇಕೆಂದಿದ್ದೆ, ಈಗ ಮಗಳ ಮುಂದೆ ಬಾಯಿ ಮುಚ್ಚಿಕೊಂಡಿರಬೇಕಾಯಿತು.

ಮರುದಿನ ದವಾಖಾನೆಗೆ ಕರೆತಂದೆ. ಹೈಜೀನಿಸ್ಟ್ ಹುಡುಗಿ ದೀಪ ಹಿಡಿದು ನೋಡಿದಳು.

"ಯಾರ್ ಮಾಡ್ಯಾರ ಇದನ್ನ?"

"ನಾನ" ಎಂದೆ.

ಅವಳು ದೀಪ ಸರಿಸಿದಳು. ಆಮೇಲೆ ಮೊಮ್ಮಗಳ ಕಡೆ ತಿರುಗಿದಳು. "ಜುಮ್ಮ್ ಅನ್ನೋದಕ್ಕ ಡಾಕ್ಟರಿಗೆ ಕೇಳಿ ಲೇಪ ಹಚ್ಚತೀನಿ. ಮುರದ ತುದಿ, ಕಲಿ ನನ್ನ ಕೆಲಸ ಅಲ್ಲವ್ವಾ, ಅವರ ನೋಡಬೇಕು." ಇದು ನನ್ನ ಕೆಲಸ ಅಲ್ಲ ಎನ್ನುವ ಮಾತನ್ನು ಅವಳು ಎಷ್ಟು ಸಲೀಸಾಗಿ ಆಡಿದಳು. ಆ ಕುರ್ಚಿಯ ಪಕ್ಕದಲ್ಲಿ ನಿಂತು ನಾನು ಅದನ್ನು ಒಮ್ಮೆಯೂ ಆಡಿರಲಿಲ್ಲ.

"ಕಾಕಾ, ನೀವು ಹೊರಗ ಕುಂದರ್ರಿ" ಎಂದಳು.

ಹೊರಗೆ ಪೇಷಂಟುಗಳ ಬೆಂಚಿನ ಮೇಲೆ ಕುಳಿತೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಒಳಗೆ ಯಾರಿದ್ದಾರೆ ಎಂದು ಕೇಳಿದಳು. ಮೊಮ್ಮಗಳು ಎಂದೆ.

"ಏನಾಗೇತ್ರಿ ಪಾಪ?"

"ಆಕಿ ಹಲ್ಲು ನಾನ ಕೆಡಿಸೀನ್ರಿ."

ಅವಳು ನನ್ನ ಮುಖ ನೋಡಿದಳು. ನಗಲಿಲ್ಲ. ಚೀಲ ಎತ್ತಿಕೊಂಡು ಬೆಂಚಿನ ಆ ತುದಿಗೆ ಸರಿದು ಕುಳಿತಳು.