ತಂಗಿಯ ಬಣ್ಣ, ಪ್ರಿಂಟರಿನ ಬಣ್ಣ

…ಅಥವಾ ಆ ಸೀರೆ ಹಸಿರೇ ಆಗಿರಲಿಲ್ಲವೇನೋ. ತಂಗಿ ಅದು ನೀಲಿ ಅನ್ನುತ್ತಾಳೆ. ಅವ್ವನನ್ನು ಕೇಳಿದರೆ, ಫೋಟೋ ತೆಗೆದ ದಿನ ತಂಗಿ ಸೀರೆಯನ್ನೇ ಉಟ್ಟಿರಲಿಲ್ಲ, ಚೂಡಿದಾರ ಹಾಕಿದ್ದಳು ಎಂದು ಆಣೆ ಮಾಡಲೂ ಸಿದ್ಧ. ಸೀರೆಯ ಬಣ್ಣವೇ ನೆನಪಿಲ್ಲದವನು ಬಣ್ಣದ ಬಗ್ಗೆ ಬರೆಯಲು ಕೂತಿದ್ದೇನೆ. ಮುಂದಿನದನ್ನೆಲ್ಲ ಸ್ವಲ್ಪ ಅನುಮಾನದಿಂದಲೇ ಓದುವುದು ಒಳ್ಳೆಯದು. ಹಸಿರು ಎಂದೇ ಇಟ್ಟುಕೊಂಡು ಹೊರಡುತ್ತೇನೆ, ಎಲ್ಲಿಂದಾದರೂ ಹೊರಡಬೇಕಲ್ಲ.

ಅನುಮಾನವಿಲ್ಲದ ಸಂಗತಿಗಳು ಕೆಲವಿವೆ. ಹೊಸಪೇಟೆಯಲ್ಲಿ, ಮರಿಯಮ್ಮನಹಳ್ಳಿ ಕಡೆ ಹೋಗುವ ರಸ್ತೆಯ ಮಗ್ಗುಲಿಗೇ ನಮ್ಮ ಮನೆ. ಕಬ್ಬಿಣದ ಅದಿರು ತುಂಬಿದ ಲಾರಿಗಳ ಸಾಲು ಮುಗಿಯದಿದ್ದ ವರ್ಷಗಳು ಅವು. ತಂಗಿಗೆ ಗಂಡು ನೋಡುತ್ತಿದ್ದೆವು. ಗಂಡಿನವರು ಬರುವ ಮೊದಲು ಹುಡುಗಿಯ ಫೋಟೋ ಹೋಗಬೇಕು. ಅದು ಸ್ಟುಡಿಯೋದಲ್ಲಿ ತೆಗೆದದ್ದಾಗಿರಬೇಕು. ಸ್ಟುಡಿಯೋದವರು ಯಾರೂ ಕೇಳದಿದ್ದರೂ ಮುಖವನ್ನು ಬೆಳ್ಳಗೆ ಮಾಡಿಯೇ ಕೊಡುತ್ತಿದ್ದರು. ಹಾಗೆ ಬೆಳ್ಳಗಾದ ತಂಗಿ ಒಮ್ಮೆ ಲಕೋಟೆಯೊಳಗೆ ಸಂಡೂರಿಗೆ ಹೋಗಿದ್ದಳು. ಮೆಚ್ಚಿ ಬಂದವರು ನಡುಮನೆಯಲ್ಲಿ ಕೂತು ಒಗ್ಗರಣೆ ಮಂಡಕ್ಕಿ ತಿಂದರು, ತಂಗಿಯನ್ನು ನೋಡಿದರು, ಕೈಯಲ್ಲಿದ್ದ ಫೋಟೋ ನೋಡಿದರು. ಅವರಲ್ಲಿ ಹಿರಿಯಳಾದ ಹೆಂಗಸು, ಎಲ್ಲರಿಗೂ ಕೇಳುವಂಥ ಮೆಲುದನಿಯಲ್ಲಿ, "ಫೋಟೋದಾಗಿನ ಹುಡುಗಿ ಇನ್ನೂ ಒಳಗ ಅದಾಳೇನ್ರಿ?" ಎಂದಳು.

ಆಮೇಲೆ ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಯಿಂದ ಸಂಬಂಧ ಬಂತು. ತಂಗಿ ನಮ್ಮೆಲ್ಲರನ್ನೂ ನಿಲ್ಲಿಸಿ ಹೇಳಿದಳು:

"ಈ ಸಲ ನಾ ಹೆಂಗ ಅದೀನೋ ಹಂಗ ಹೋಗಬೇಕು. ಇಲ್ಲಂದ್ರ ಫೋಟೋನೂ ಇಲ್ಲ, ನಾನೂ ಇಲ್ಲ. ಇನ್ನೊಂದ್ಸಲ ಆ ಮಾತು ಕೇಳಾಕ ನಾ ಯಾರ ಮುಂದೂ ಕುಂದ್ರಂಗಿಲ್ಲ."

ನಾನು ಹಟ ಮಾಡಿ ತಂದಿದ್ದ ಇಂಕ್‌ಜೆಟ್ ಪ್ರಿಂಟರ್ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. "ಸ್ಟುಡಿಯೋ ಯಾಕ ಬೇಕು, ಮನ್ಯಾಗ ನಾನ ತೆಗದು ಕೊಡ್ತೀನಿ" ಎಂದುಬಿಟ್ಟೆ.

ಹಿತ್ತಲಿನ ಬಿಳಿ ಗೋಡೆಯ ಮುಂದೆ ಅವಳನ್ನು ನಿಲ್ಲಿಸಿ ಫೋಟೋ ತೆಗೆದೆ. ಕಂಪ್ಯೂಟರಿನ ಪರದೆಯ ಮೇಲೆ ಚೆನ್ನಾಗಿಯೇ ಕಂಡಿತು. ಪ್ರಿಂಟರ್ ಮಾತ್ರ ಕರಕರ ಸದ್ದು ಮಾಡುತ್ತ ಹೊರಗೆ ದೂಡಿದ್ದು ಇಟ್ಟಿಗೆ ಬಣ್ಣದ ಹೆಣ್ಣೊಬ್ಬಳನ್ನು.

"ಇದು ನಾನಲ್ಲಣ್ಣ, ನಮ್ಮನಿ ಮುಂದಿನ ರೋಡು" ಎಂದಳು ತಂಗಿ.

ಬಣ್ಣ ತಿದ್ದುವ ಸಾಫ್ಟ್‌ವೇರಿನಲ್ಲಿ ಒಂದು ಉಪಾಯವಿತ್ತು. ಚಿತ್ರದಲ್ಲಿ ಬೆಳ್ಳಗಿರುವ ಯಾವುದಾದರೂ ವಸ್ತುವಿನ ಮೇಲೆ ಒತ್ತಿ ತೋರಿಸಿದರೆ ಸಾಕು, ಅದನ್ನು ಬಿಳಿ ಎಂದು ಹಿಡಿದು ಮಿಕ್ಕ ಬಣ್ಣಗಳನ್ನೆಲ್ಲ ಅದೇ ಸರಿಪಡಿಸುತ್ತದೆ. ಚಿತ್ರದಲ್ಲಿ ಬೆಳ್ಳಗಿದ್ದದ್ದು ಗೋಡೆ. ಗೋಡೆಯ ಮೇಲೆ ಒತ್ತಿದೆ. ಈ ಸಲ ತಂಗಿ ಬೂದಿ ಕಲಸಿದ ಹಸಿರಾಗಿ ಹೊರಬಂದಳು. ಅವ್ವ ಕಾಗದ ಹಿಡಿದು, "ಅಯ್ಯ, ಇದ್ಯಾಕೋ ಕಾಮಣಿ ರೋಗ ಆಗಿ ಎದ್ದಾಕಿ ಇದ್ದಂಗ ಐತಿ" ಎಂದಳು.

ತಪ್ಪು ಪ್ರಿಂಟರಿನದೇ ಎಂದು ಆಗಲೇ ತೀರ್ಮಾನಿಸಿದೆ. ಅದರ ನಂತರದ ದಿನಗಳು ನನ್ನ ತಲೆಯಲ್ಲಿ ಒಂದರೊಳಗೊಂದು ಸೇರಿಕೊಂಡಿವೆ, ಬಿಡಿಸಲು ಆಗುವುದಿಲ್ಲ. ಕೆಂಪು ಹೆಚ್ಚಿಸಿದರೆ ಮುಖದ ಜೊತೆ ತಲೆಗೂದಲೂ ಕೆಂಪಾಗುತ್ತಿತ್ತು. ಇಳಿಸಿದರೆ ಮತ್ತೆ ಅದೇ ಕಾಮಾಲೆ. ಹಳದಿ ಇಂಕ್ ಮುಗಿದರೆ ಅದೇ ಡಬ್ಬಿಯೊಳಗೆ ಅರ್ಧ ಉಳಿದಿದ್ದ ಕೆಂಪು, ನೀಲಿಗಳನ್ನೂ ಎಸೆಯಬೇಕು, ಏಕೆಂದರೆ ಮೂರೂ ಬಣ್ಣ ಒಂದೇ ಡಬ್ಬಿ. ಧೂಳು ಕೂತು ಇಂಕ್ ಬರುವ ಬಾಯಿ ಕಟ್ಟಿಕೊಳ್ಳುತ್ತಿತ್ತು. ಅದನ್ನು ತೊಳೆಯಲು ಪ್ರಿಂಟರಿಗೆ ಮತ್ತೇನೂ ಬೇಡ, ಅದೇ ಇಂಕೇ ಬೇಕು. ಫೋಟೋ ಪೇಪರಿನ ಮಿರುಗುವ ಮಗ್ಗುಲು ಮೇಲಿರಬೇಕೋ ಕೆಳಗಿರಬೇಕೋ ಎಂದು ನೋಡಿ, ಮುಟ್ಟಿ, ಖಚಿತ ಮಾಡಿಕೊಂಡು ತಪ್ಪಾಗಿಯೇ ಇಡುತ್ತಿದ್ದೆ. ಹಣೆ, ಹುಬ್ಬು, ಕಣ್ಣು ಬಂದು ಮೂಗು ಬರುವ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಬಂದ ಮೇಲೆ ಪ್ರಿಂಟರ್ ಅರ್ಧ ಮುಖವನ್ನು ಉಗುಳಿ, ಒಂದು ಹೊಸ ಹಾಳೆಯನ್ನು ಸುಮ್ಮನೆ ನುಂಗುತ್ತಿತ್ತು. ಒಳಗೆ ಟ್ಯೂಬ್‌ಲೈಟಿನಲ್ಲಿ ಸರಿ ಕಂಡದ್ದು ಅಂಗಳಕ್ಕೆ ಒಯ್ದರೆ ಬೇರೆ. ಅಂಗಳದಲ್ಲಿ ಒಪ್ಪಿದ್ದು ಒಣಗಿದ ಮೇಲೆ ಇನ್ನೊಂದು.

ಫೋಟೋ ತೆಗೆದುಕೊಂಡು ಕಂಪ್ಲಿಗೆ ಹೊರಡುವವರು ಸೋದರಮಾವ. ದಿನಾ ಬಂದು ಬಾಗಿಲಲ್ಲೇ ನಿಂತು ಕೇಳುತ್ತಿದ್ದರು: "ಏನ್ಲೇ, ಹುಡುಗಿ ತಯಾರಾದ್ಲೇನು?"

"ಇನ್ನ ಹಸಿರದಾಳ ಮಾವ" ಎಂದು ಒಳಗಿನಿಂದ ತಂಗಿಯೇ ಕೂಗುತ್ತಿದ್ದಳು.

ಅವಳು ನಗುತ್ತಿದ್ದಳೆಂದು ಬರೆಯಬೇಕೆನಿಸುತ್ತದೆ. ಬರೆದರೆ ಚಿತ್ರ ಚೆನ್ನಾಗಿ ಕೂಡುತ್ತದೆ. ಆದರೆ ಬೆಳಗಾದರೆ ಹಿಂದಿನ ದಿನದ ಪ್ರಿಂಟನ್ನು ಎತ್ತಿಕೊಂಡು ಕನ್ನಡಿಯ ಮುಂದೆ ಮುಖದ ಪಕ್ಕ ಹಿಡಿದು ನಿಲ್ಲುತ್ತಿದ್ದದ್ದೂ ಅವಳೇ. ಹೀಗೇ ಮುಂದುವರಿದರೆ ಅವ್ವ ಸ್ಟುಡಿಯೋದ ಹಳೆಯ ಫೋಟೋವನ್ನೇ ಕಳಿಸುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಪ್ರಿಂಟನ್ನು ಬಿಸಿಲಲ್ಲಿ ನೋಡಲು ಹಿತ್ತಲಿಗೆ ಒಯ್ದೆ. ಅದರ ಜೊತೆ ಒಂದು ಖಾಲಿ ಹಾಳೆಯೂ ಅಂಟಿಕೊಂಡು ಬಂದಿತ್ತು. ಗಾಳಿಗೆ ಹಾರದಿರಲೆಂದು ಎರಡನ್ನೂ ಗೋಡೆಗೆ ಒತ್ತಿ ಹಿಡಿದೆ. ಖಾಲಿ ಹಾಳೆ ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಅದರ ಪಕ್ಕದಲ್ಲಿ ನಮ್ಮ ಬಿಳಿ ಗೋಡೆ, ಹಾಲು ಹೆಚ್ಚಾದ ಚಹಾದ ಬಣ್ಣ.

"ಯವ್ವಾ, ಈ ಗೋಡಿ ಯಾವ ಬಣ್ಣ?" ಎಂದು ಕೂಗಿದೆ.

"ಬಿಳೇದು. ಸುಣ್ಣ ಹೊಡೆದಿದ್ದು ನಾನ. ಯಾಕ, ನಿನಗ ಕಣ್ಣಿಲ್ಲೇನು?"

ಹಾಳೆ ಹಿಡಿದು ತೋರಿಸಿದೆ. ಅವ್ವ ನೋಡಿದಳು. ಹಾಳೆಯ ಕಡೆ ಬೊಟ್ಟು ಮಾಡಿ, "ಇದ ಭಾಳ ಬೆಳ್ಳಗೈತಿ. ಇಷ್ಟು ಬಿಳಿ ಎಲ್ಲಿರತೈತೋ?" ಎಂದಳು.

ಲಾರಿಗಳು ಎಬ್ಬಿಸಿದ ಅದಿರಿನ ಧೂಳು ದಿನವೂ ಒಂದಿಷ್ಟು ಕೂತು ಗೋಡೆ ಕೆಂಪಗಾಗಿತ್ತು. ಅದರ ಜೊತೆಗೆ ನಮ್ಮ ಕಣ್ಣೂ ಕೆಂಪನ್ನು ಬಿಳಿಯೆಂದು ಒಪ್ಪಿಕೊಂಡಿತ್ತು. ಗೋಡೆಯ ಕೆಂಪನ್ನು ಬಿಳಿ ಎಂದು ನಾನು ತೋರಿಸಿಕೊಟ್ಟೆ, ಸಾಫ್ಟ್‌ವೇರ್ ಪಾಪ ನನ್ನ ಮಾತು ನಂಬಿ ಅಷ್ಟು ಕೆಂಪನ್ನು ತಂಗಿಯ ಮುಖದಿಂದಲೂ ತೆಗೆದುಹಾಕಿತು. ಹಸಿರಾಗದೆ ಮತ್ತೇನಾದಾಳು? ಮೊದಲ ಸಲದ ಇಟ್ಟಿಗೆ ಬಣ್ಣಕ್ಕೆ ಧೂಳು ಕಟ್ಟಿದ್ದ ಪ್ರಿಂಟರಿನ ಬಾಯಿ ಕಾರಣವಿರಬಹುದು. ಉಳಿದದ್ದೆಲ್ಲ ಗೋಡೆಯದು.

"ನನ್ನ ಮುಖದ ಮ್ಯಾಲೂ ಅಷ್ಟ ಧೂಳು ಇರಬೇಕು, ತೊಳಕೊಂಡು ಬರ್ಲೇನು?" ಎಂದಳು ತಂಗಿ. ಅವ್ವನಿಗೆ ಇದು ತಮಾಷೆಯಾಗಲಿಲ್ಲ. ತನ್ನ ಗೋಡೆಗೆ ಕೆಟ್ಟ ಹೆಸರಿಟ್ಟಂತಾಯಿತು. ಬಕೆಟ್ ನೀರು ತಂದು ತಿಕ್ಕಲು ನಿಂತಳು. ಕೆಂಪು ನೀರು ಇಳಿದು ಬಟ್ಟೆ ಒಗೆಯುವ ಕಲ್ಲಿನ ತನಕ ಹರಿಯಿತು.

ತಂಗಿಯ ಕೈಗೆ ಖಾಲಿ ಹಾಳೆ ಕೊಟ್ಟು, ಎದೆಯ ಮುಂದೆ ಹಿಡಿಸಿ ಮತ್ತೆ ಫೋಟೋ ತೆಗೆದೆ. ಈ ಸಲ ಹಾಳೆಯನ್ನೇ ಬಿಳಿ ಎಂದು ತೋರಿಸಿ, ಬಣ್ಣ ಸರಿಹೋದ ಮೇಲೆ ಹಾಳೆ ಇರುವಷ್ಟನ್ನು ಕತ್ತರಿಸಿ ಪ್ರಿಂಟ್ ತೆಗೆದೆ. ಕರೆಂಟು ಹೋಗಲಿಲ್ಲ. ಒಣಗುವ ತನಕ ಯಾರೂ ಮುಟ್ಟಲಿಲ್ಲ.

"ಹೂಂ, ಇದು ನಾನು" ಎಂದಳು ತಂಗಿ.

"ಇಷ್ಟು ಕಪ್ಪು ಎಲ್ಲಿದಾಳೋ ನನ್ನ ಮಗಳು? ಚೂರು ತಿಳಿ ಮಾಡು."

"ಚೂರೂ ಬ್ಯಾಡ."

"ನಾ ಹಡೆದಾಕಿ, ನನಗ ಗೊತ್ತಿಲ್ಲೇನು ನಿನ್ನ ಬಣ್ಣ?"

ಇಬ್ಬರೂ ಒಂದೇ ಬಿಸಿಲಲ್ಲಿ ಒಂದೇ ಕಾಗದ ನೋಡುತ್ತಿದ್ದರು. ನನ್ನನ್ನು ಕೇಳಿದರು. ಅಷ್ಟು ಹಸಿರು, ಅಷ್ಟು ಇಟ್ಟಿಗೆ ನೋಡಿದ ಮೇಲೆ ನನಗೆ ಯಾವ ಬಣ್ಣದ ಮೇಲೂ ನಂಬಿಕೆ ಉಳಿದಿರಲಿಲ್ಲ. ಅವಳು ಹೇಳಿದಂತೆಯೇ ಇರಲಿ ಎಂದೆ. ಮಾವ ಅದನ್ನೇ ಒಯ್ದರು.

ಕಂಪ್ಲಿಯವರು ಬಂದರು. ಫೋಟೋ ತಂದಿರಲಿಲ್ಲ. ತಂಗಿ ಚಹಾದ ತಟ್ಟೆ ಇಟ್ಟು ಕೂತಳು, ಯಾರೂ ಬಾಯಿ ತೆರೆಯುವ ಮೊದಲೇ ಗಂಡಿನ ತಾಯಿಯನ್ನು ಕೇಳಿದಳು: "ಫೋಟೋ ನೋಡಿದ್ರೇನ್ರಿ?"

"ನೋಡೇ ಬಂದೀವಲ್ಲ ಯವ್ವಾ."

"ಅದರಾಗ ಇದ್ದಾಕಿ ನಾನ ಹೌದಲ್ರಿ?"

ಮಾವ ಜೋರಾಗಿ ಕೆಮ್ಮಿದರು. ಆ ಹೆಂಗಸು ತಂಗಿಯ ಮುಖ ನೋಡಿ, "ನೀನ ಅಲ್ದ ಮತ್ಯಾರು?" ಎಂದರು. ತಂಗಿಗೆ ಅಷ್ಟು ಸಾಕಾಯಿತು. ಒಪ್ಪಿದಳು, ಅವರೂ ಒಪ್ಪಿದರು.

ಮದುವೆಯಾಗಿ ಕೆಲವು ವರ್ಷಗಳಿಗೆ ಕಂಪ್ಲಿಯ ಮನೆಯಲ್ಲಿ ಆ ಪ್ರಿಂಟ್ ಕಣ್ಣಿಗೆ ಬಿತ್ತು. ಇಂಕ್ ಹಾರಿ, ಮುಖವೆಲ್ಲ ನಸುಹಳದಿ. ಮೂಲ ಚಿತ್ರವಿದ್ದ ಕಂಪ್ಯೂಟರ್ ಅಷ್ಟರಲ್ಲಿ ಕೆಟ್ಟಿತ್ತು. ಗಂಡಿನ ತಾಯಿ ಅವತ್ತು ನಿಜವಾಗಿ ತಂಗಿಯನ್ನು ನೆನಪಿನಲ್ಲಿದ್ದ ಫೋಟೋ ಜೊತೆ ಹೋಲಿಸಿ ಹೌದೆಂದರೋ, ಎದುರಿಗೆ ಕೂತ ಹುಡುಗಿಗೆ ಬೇಕಾಗಿದ್ದ ಉತ್ತರ ಕೊಟ್ಟರೋ, ಅವರು ಬದುಕಿದ್ದಾಗ ನಾನು ಕೇಳಲಿಲ್ಲ. ಪ್ರಿಂಟಿನ ಬಣ್ಣ ಸರಿಯಾಗಿತ್ತೇ ಎಂಬುದು ನನಗೆ ಗೊತ್ತಿಲ್ಲ.